ಪರವಲಯದ ಶೃಂಗ



ದಿಬ್ಬದ ಮೇಲೆ ನಿಂತು ಓರೆಯಾಗಿ ಎಸೆದ ಕಲ್ಲು ಏರುತ್ತ ಏರುತ್ತ ವೇಗವನ್ನು ನೀಗಿಕೊಂಡು, ಒಂದೆಡೆ ಇನ್ನು ಏರಲಾರೆನೆಂಬಂತೆ ಬಾಗಿ, ಏರಿದ ಬಗೆಯಲ್ಲಿಯೇ ಇಳಿದುಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಳಿಯ ತಡೆಯನ್ನು ಗಣನೆಗೆ ತಾರದಿದ್ದರೆ ಆ ಪಥವು ಪರವಲಯವೆಂಬುದನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾಧಿಸಿ ತೋರಿಸಿದನು. ಆ ಬಾಗಿನ ತುದಿಗೆ ಶೃಂಗವೆಂದು ಹೆಸರು. ಚಿತ್ರವನ್ನು ಬರೆಯದೆ, ಸಮೀಕರಣವೊಂದರಿಂದಲೇ ಅದರ ನೆಲೆಯನ್ನು ಅರಿಯುವುದು ಹೇಗೆ? ಬಾನುಲಿಯಲ್ಲಿ ಕರಿಹಲಗೆಯಿಲ್ಲ, ಕಾಗದವಿದ್ದವರು ದಯಮಾಡಿ ಬರೆದುಕೊಳ್ಳಬೇಕು.

ವೈ ಎಂಬುದು ಎತ್ತರ, ಎಕ್ಸ್ ಎಂಬುದು ಅಡ್ಡಲಾಗಿ ಸಾಗಿದ ದೂರ, ಎರಡೂ ಗಜಗಳಲ್ಲಿ. ಆರು ಎಕ್ಸ್‌ನಿಂದ ಎಕ್ಸ್ ವರ್ಗವನ್ನು ಕಳೆದು ಎರಡನ್ನು ಕೂಡಿದರೆ ವೈ ದೊರೆಯುವುದೆನ್ನೋಣ. ದೂರ ಸೊನ್ನೆಯಾದಾಗ ಎತ್ತರ 2. ದೂರ 6 ಆದಾಗ, 36ರಲ್ಲಿ 36 ಕಳೆದುಹೋಗಿ, ಮತ್ತೆ 2. ಪರವಲಯದ ತೋಳುಗಳೆರಡೂ ಬಿಂಬ ಪ್ರತಿಬಿಂಬಗಳಂತಿರುವುದರಿಂದ, ಸಮಾನ ಎತ್ತರದ ಈ ಎರಡು ನೆಲೆಗಳ ನಟ್ಟನಡುವೆ, ಎಂದರೆ 3ರಲ್ಲಿ, ಶೃಂಗವಿರಲೇಬೇಕು. ಅಲ್ಲಿ ಎತ್ತರ 11. ಎಕ್ಸ್‌ನ ಸಹಗುಣಕವನ್ನು ವರ್ಗಪದದ ಸಹಗುಣಕದ ಇಮ್ಮಡಿಯಿಂದ ಭಾಗಿಸಿ ಚಿಹ್ನೆಯನ್ನು ಬದಲಿಸತಕ್ಕದ್ದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಸೂತ್ರವು ಈ ನಡುವನ್ನು ಹುಡುಕುವ ಕ್ರಿಯೆಯೇ.

ನನಗೆ ಇದಕ್ಕಿಂತಲೂ ಪ್ರಿಯವಾದ ದಾರಿ ನಮ್ಮ ಪ್ರಾಚೀನರದು. ವರ್ಗಸಮೀಕರಣವನ್ನು ಬಿಡಿಸುವ ಕ್ರಮಕ್ಕೆ ಅವರು ಮಧ್ಯಮಾಹರಣ, ಎಂದರೆ ನಡುವಣ ಪದವನ್ನು ತೆಗೆಯುವುದು, ಎಂದು ಹೆಸರಿಟ್ಟರು. ಅದಕ್ಕಾಗಿ ಶ್ರೀಧರಾಚಾರ್ಯನು ಹೇಳಿದ ವಿಧಾನವನ್ನು, 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಉದ್ಧರಿಸಿದ್ದಾನೆ. ಅವರು ಅರಸಿದ್ದು ಅವ್ಯಕ್ತದ ಬೆಲೆಯನ್ನು, ವಕ್ರರೇಖೆಯ ತುದಿಯನ್ನಲ್ಲ, ಆದರೂ ಉಪಾಯವೊಂದೇ. ಶೃಂಗವನ್ನು ಅತ್ತಿತ್ತ ಸರಿಸಿಟ್ಟಿರುವುದು ಆ ನಡುವಣ ಪದವೇ ಅಲ್ಲವೆ? ಅದನ್ನು ವರ್ಗದೊಳಗೆ ಅಡಗಿಸಿದರೆ, ಎಕ್ಸ್‌ನಿಂದ ಮೂರನ್ನು ಕಳೆದು, ಉಳಿದುದನ್ನು ವರ್ಗಿಸಿ, ಆ ವರ್ಗವನ್ನು ಹನ್ನೊಂದರಿಂದ ಕಳೆಯತಕ್ಕದ್ದೆಂಬ ರೂಪಕ್ಕೆ ನಮ್ಮ ಸಮೀಕರಣವು ಬರುವುದು. ವರ್ಗವು ಎಂದಿಗೂ ಋಣವಾಗದು. ಆದುದರಿಂದ ವೈ 11ನ್ನು ಮೀರಲಾರದು, ಎಕ್ಸ್ 3 ಆದಾಗ ಮಾತ್ರ ಅದನ್ನು ಮುಟ್ಟುವುದು. ಅದೇ ಶೃಂಗವೇಕೆಂಬ ಕಾರಣವನ್ನು ಸಮೀಕರಣವು ಇಲ್ಲಿ ತಾನೇ ನುಡಿಯುತ್ತದೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ, ಸೂತ್ರವನ್ನು ಒಪ್ಪಿಸಹೇಳುವ ಮೊದಲು, ದೂರ 2 ಮತ್ತು 4 ಆದಾಗ ಎತ್ತರವೆಷ್ಟೆಂದು ಅವರಿಂದ ಲೆಕ್ಕ ಹಾಕಿಸಿರಿ. ಎರಡೆಡೆಯಲ್ಲೂ 10 ಬರುವುದು.