ಪೀರಿಯಡ್ಡಿನ ಲೆಕ್ಕ

ಅನ್ಯ ಕರ್ತವ್ಯದ ಓಓಡಿ ಸಿಕ್ಕಿದ್ದರಿಂದ ಬಂದಿರುವ ಮತ್ತು ಸಿಕ್ಕದೆ ಸಾಂದರ್ಭಿಕ ರಜೆ ಹಾಕಿ ಬಂದಿರುವ ನನ್ನ ಶಿಕ್ಷಕ ಬಂಧುಗಳೆ,

ಶಿಕ್ಷಣ ಮತ್ತು ಸಾಮಾಜಿಕ ನ್ಯಾಯದಲ್ಲಿ ಸರ್ಕಾರದ ಸಾಧನೆಯನ್ನು ಶಿಕ್ಷಕರ ಸಂಘ ಹೇಗೆ ನೋಡುತ್ತದೆ ಎಂಬುದು ಇವತ್ತಿನ ವಿಚಾರ ಸಂಕಿರಣದ ವಿಷಯ. ನನಗೆ ಗೊತ್ತಿರುವ ಒಂದು ಓಣಿಯಿಂದ ಶುರು ಮಾಡುತ್ತೇನೆ.

2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ದಸರಾ ರಜೆಯಲ್ಲಿ ನಾವು ಫೋನು ಹಿಡಿದು ಮನೆ ಮನೆ ಹತ್ತಿದೆವು. ಅರವತ್ತು ಪ್ರಶ್ನೆ, ಕರೆಂಟ್ ಮೀಟರಿನ ನಂಬರಿನ ಮೇಲೆ ಗುರುತಿಸಿದ ಮನೆಗಳು, ತೆರೆದರೆ ತೆರೆಯಿತು ಇಲ್ಲದಿದ್ದರೆ ಇಲ್ಲ ಎನ್ನುವ ಆ್ಯಪ್. ಒಂದು ಮಧ್ಯಾಹ್ನ ಆ ಓಣಿಯಲ್ಲಿ ನೆಟ್‌ವರ್ಕಿಗಾಗಿ ಕಟ್ಟೆ ಹತ್ತಿ ನಿಂತಿದ್ದೆ. ಕೆಳಗೆ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಕೇಳಿದರು: "ಸರ, ಸಾಲಿ ಯಾವಾಗ ಸುರು ಮಾಡ್ತೀರಿ? ಮನ್ಯಾಗ ಹುಡುಗರನ್ನ ಹಿಡಿಯೂದು ಆಗವಲ್ದು." ಅಕ್ಟೋಬರ್ ಎಂಟನೇ ತಾರೀಖು ಅಂದೆ. ಸಮೀಕ್ಷೆ ಮುಗಿಯಲಿಲ್ಲ, 18ರವರೆಗೆ ಶಾಲೆಗಳಿಗೆ ರಜೆ ಮುಂದುವರಿಯಿತು. ಅದರ ಬೆನ್ನಿಗೇ ದೀಪಾವಳಿ ಬಂತು. ಅಜ್ಜಿಯ ಎದುರು ನಾನು ಸುಳ್ಳುಗಾರನಾದೆ.

ಎಂಟು ಶಾಲಾ ದಿನ ಹೋದವು. ಆಮೇಲೆ ಹೆಚ್ಚುವರಿ ತರಗತಿ ಮಾಡಿ ಸರಿದೂಗಿಸಿ ಎಂಬ ಮಾತು ಬಂತು. ಎರಡನೇ ತರಗತಿಯ ಮಗುವಿಗೆ ಸಂಜೆ ಐದರ ಮೇಲೆ ಒತ್ತಕ್ಷರ ಕಲಿಸಿ ನೋಡಿದವರಿಗೆ ಈ ಸರಿದೂಗಿಸುವಿಕೆಯ ಬೆಲೆ ಗೊತ್ತು.

ನನ್ನ ಮಾತನ್ನು ಯಾರೂ ತಪ್ಪು ತಿಳಿಯಬಾರದು. ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಬೆಂಚುಗಳ ಮೇಲೆ ಕೂರುವ ಮಕ್ಕಳು ಯಾರು, ಅವರ ಮನೆಯಲ್ಲಿ ಎಷ್ಟು ಜಮೀನಿದೆ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಎಂಬುದು ಬರವಣಿಗೆಗೆ ಬರದೆ ಮೀಸಲಾತಿಯ ಮಾತು ಮುಂದೆ ಹೋಗುವುದಿಲ್ಲ. ನನ್ನ ತಕರಾರು ಇಷ್ಟೆ: ಆ ಕೆಲಸಕ್ಕೆ ಯಾರ ಸಮಯ ಖರ್ಚಾಯಿತು? 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಲು ಮೂರೇ ಬಾಗಿಲು ತೆರೆದಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ರಾಜ್ಯದ ಸಮೀಕ್ಷೆ ಈ ಮೂರರಲ್ಲಿ ಯಾವುದು? 2015ರಲ್ಲಿ ಇದೇ ಕೆಲಸ ಮಾಡಿದೆವು. 2025ರ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ಮಾಡಿದೆವು. ಐದು ತಿಂಗಳು ಕಳೆಯುವುದರೊಳಗೆ ಮತ್ತೊಮ್ಮೆ. 2027ರ ಜನಗಣತಿ ಎದುರಿಗೇ ಇದೆ, ಅದಕ್ಕೆ ಕಾಯ್ದೆಯ ಒಪ್ಪಿಗೆಯೂ ಇದೆ. ಅದೇ ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಎನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಮಗುವಿನ ಹೆಸರಿನಲ್ಲಿ ಜಮೆಯಾಗಿರುವ ಗಂಟೆಗಳು ಅವು. ಹೇಳದೆ ಕೇಳದೆ ಅವುಗಳಿಂದ ಯಾರು ತೆಗೆದರೂ, ಒಳ್ಳೆಯ ಕೆಲಸಕ್ಕೇ ತೆಗೆದರೂ, ಅದು ಸಾಲ.

ಹಾಗಾದರೆ ಸರ್ಕಾರಗಳು ಏನೂ ಮಾಡಿಲ್ಲವೆ? ಮಾಡಿವೆ. ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ನಮ್ಮ ಭಾಗದಲ್ಲೇ ಮೊದಲು ಮೊಟ್ಟೆ ಬಂತು. ಅವತ್ತು ಎದ್ದ ಗದ್ದಲ ನೆನಪಿದೆಯಲ್ಲ? ಮಠಾಧೀಶರು ವಿರೋಧಿಸಿದರು, ಟಿ.ವಿ.ಯಲ್ಲಿ ಚರ್ಚೆಯೋ ಚರ್ಚೆ. ಮಕ್ಕಳು ಮಾತ್ರ ಸಾಲಿನಲ್ಲಿ ನಿಂತು ತಿಂದರು. ತಿನ್ನದವರಿಗೆ ಬಾಳೆಹಣ್ಣು. ವಾರಕ್ಕೆ ಎರಡು ಇದ್ದದ್ದು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ಆರಾಯಿತು. ಪಕ್ಷ ಬದಲಾದರೂ ತಟ್ಟೆ ಬರಿದಾಗಲಿಲ್ಲ. ಇದನ್ನು ಸಂಘ ಬಾಯಿ ತುಂಬಾ ಹೇಳಬೇಕು. ಹೊಟ್ಟೆ ತುಂಬಿದ ಮಗು ಮಧ್ಯಾಹ್ನದ ಗಣಿತಕ್ಕೆ ಹೇಗೆ ಕೂರುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಆದರೆ ಆ ಮೊಟ್ಟೆ ತಟ್ಟೆಗೆ ಬರುವ ದಾರಿ ನೋಡಿ. 2024ರಲ್ಲಿ ಒಂದಕ್ಕೆ ಗೊತ್ತುಮಾಡಿದ್ದ ದರ ಆರು ರೂಪಾಯಿ. ಅದರಲ್ಲೇ ಬೇಯಿಸುವ ಗ್ಯಾಸು, ಅದರಲ್ಲೇ ಸಿಪ್ಪೆ ಸುಲಿಯುವ ಕೂಲಿ. ಸಂತೆಯಲ್ಲಿ ದರ ಏರಿದ ವಾರ ಮುಖ್ಯ ಶಿಕ್ಷಕರು ಕಿಸೆಯಿಂದ ಹಾಕುತ್ತಾರೆ. ಟ್ರೇ ತರುವುದು, ಒಡೆದದ್ದನ್ನು ಎಣಿಸುವುದು, ಬಾಳೆಹಣ್ಣಿನವರ ಪಟ್ಟಿ ಬೇರೆ ಬರೆಯುವುದು, ಇಂದು ಎಷ್ಟು ಮಕ್ಕಳು ಉಂಡರು ಎಂದು ಕಳಿಸುವುದು. ಬೆಳಗಿನ ಮೊದಲ ಪೀರಿಯಡ್ಡು ಅಲ್ಲೇ ಮುಗಿಯಿತು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮೂರು ತರಗತಿಯ ಮಕ್ಕಳು ಅಷ್ಟು ಹೊತ್ತು ಮಗ್ಗಿ ಕೂಗುತ್ತಿರುತ್ತಾರೆ. ಖಾಲಿ ಹುದ್ದೆ ತುಂಬುವ ಬದಲು ಅತಿಥಿ ಶಿಕ್ಷಕರು ಬರುತ್ತಾರೆ. ಜೂನ್‌ನಲ್ಲಿ ಬರಬೇಕಾದವರು ಎಷ್ಟೋ ಸಲ ಮಳೆ ಹಿಡಿದ ಮೇಲೆ. ಅವರ ಗೌರವಧನವನ್ನು 2025ರ ಬಜೆಟ್ಟು ಎರಡು ಸಾವಿರ ಏರಿಸಿತು. ಸಂತೋಷ. ಮಾರ್ಚ್ ಮುಗಿದರೆ ಅವರ ನೌಕರಿಯೂ ಮುಗಿಯುತ್ತದೆ ಎಂಬುದು ಮಾತ್ರ ಬದಲಾಗಿಲ್ಲ.

ಸಂಘದ ಮೇಲೂ ಒಂದು ಮಾತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇಕಡ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇಕಡ 20ಕ್ಕೆ ಏರಿಸಿದ ಮೇಲೂ ಫಲಿತಾಂಶ 73.40ಕ್ಕೆ ನಿಂತಿತು. ಕೃಪಾಂಕ ಕೊಟ್ಟದ್ದಕ್ಕೆ ಸರ್ಕಾರವನ್ನು ಬೈಯುವುದು ಸುಲಭ. ಹಿಂದಿನ ವರ್ಷಗಳ ಫಲಿತಾಂಶಕ್ಕೆ ಹಾರ ಹಾಕಿಸಿಕೊಂಡಾಗ ನಾವು ಯಾಕೆ ಸುಮ್ಮನಿದ್ದೆವು? ವೃಂದ ಮತ್ತು ನೇಮಕಾತಿ ನಿಯಮ 2017ರಲ್ಲಿ ಬದಲಾಗಿ, ಏಳನೇ ತರಗತಿವರೆಗೆ ಪಾಠ ಮಾಡುತ್ತಿದ್ದವರನ್ನು ಐದಕ್ಕೆ ಇಳಿಸಿದಾಗ ಬೆಂಗಳೂರಿಗೆ ಬಸ್ಸು ಹತ್ತಿದೆವು. ಆ ಹೋರಾಟ ನ್ಯಾಯದ್ದು. 2006ರ ನಂತರ ಸೇರಿದವರ ಹಳೆ ಪಿಂಚಣಿಯ ಬೇಡಿಕೆಯೂ ನ್ಯಾಯದ್ದೇ. ಆದರೆ ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪುಸ್ತಕ ಓದಲು ಬರುವುದಿಲ್ಲ ಎಂದು ನಾವು ಯಾವತ್ತಾದರೂ ಬಸ್ಸು ಹತ್ತಿದ್ದೇವೆಯೆ? ಹತ್ತಿದ್ದರೆ ಊರವರು ನಮ್ಮ ಜೊತೆ ಬರುತ್ತಿದ್ದರು ಅಂತ ನನ್ನ ನಂಬಿಕೆ. ಪಿಂಚಣಿಗೆ ಅವರು ಬರುವುದಿಲ್ಲ.

ಇನ್ನು ಮುಂದಿನ ನೀತಿಯ ಮಾತು. ಪ್ರೊ. ಸುಖದೇವ ಥೋರಟ್ ಅವರ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ, ದ್ವಿಭಾಷಾ ಸೂತ್ರ ಎಂದೆಲ್ಲ ಶಿಫಾರಸು ಇದೆ. ಮಾಧ್ಯಮದ ಹೇರಿಕೆ ಸಲ್ಲದು ಎಂದ ಸುಪ್ರೀಂ ಕೋರ್ಟಿನ 2014ರ ತೀರ್ಪನ್ನು ಇದು ಹೇಗೆ ದಾಟುತ್ತದೆ ಎಂಬುದನ್ನು ಮಧ್ಯಾಹ್ನದ ಗೋಷ್ಠಿ ನೋಡಿಕೊಳ್ಳಲಿ. ನಾನು ಅದಕ್ಕೆ ಕೈಹಾಕುವುದಿಲ್ಲ.

ನನ್ನ ಕೋರಿಕೆ ಒಂದೇ. ಈಗ ಚಹಾಕ್ಕೆ ಮುಂಚೆ ನಿಮಗೆಲ್ಲ ಒಂದೊಂದು ಹಾಳೆ ಕೊಡುತ್ತಾರೆ. ಕಳೆದ ವಾರ ವೇಳಾಪಟ್ಟಿಯಲ್ಲಿ ನಿಮ್ಮ ಹೆಸರಿಗೆ ಎಷ್ಟು ಪೀರಿಯಡ್ಡು ಇದ್ದವು, ಬಾಗಿಲೊಳಗೆ ಹೋಗಿ ಪಾಠ ಮಾಡಿದ್ದು ಎಷ್ಟು, ಉಳಿದವು ಯಾವ ಕೆಲಸಕ್ಕೆ ಹೋದವು, ಮೂರು ಸಾಲು ಬರೆಯಿರಿ. ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಹಾಳೆಗಳನ್ನು ಹಿಂದಿನ ಮೇಜಿನ ಮೇಲಿಡಿ. ಮೊದಲ ಗೋಷ್ಠಿಯವರು ಅವನ್ನು ಕೂಡಿ, ಪ್ರಬಂಧ ಓದುವ ಮುಂಚೆ ಒಟ್ಟು ಎಷ್ಟಾಯಿತೆಂದು ಹೇಳುತ್ತಾರೆ.