ಗಣಕಯಂತ್ರಕ್ಕೆ ಅಗುಳಿ ಹಾಕುವ ಬಗೆ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಕೆಲವರ ಮನೆಗಳಲ್ಲಿಯೂ ಈಗ ಕಂಪ್ಯೂಟರ್ ಇದೆ. ನಮ್ಮ ಪಹಣಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ಲೆಕ್ಕ ಎಲ್ಲವನ್ನೂ ಅದರಲ್ಲಿಯೇ ನೋಡುತ್ತೇವೆ. ಕೆಲಸಕ್ಕೆ ಕುಳಿತವರು ಚಹಾ ಕುಡಿಯಲು ಎದ್ದುಹೋದರೆ ಆ ಲೆಕ್ಕವೆಲ್ಲ ಹಾಗೆಯೇ ತೆರೆದಿರುತ್ತದೆ. ಬಂದವರು ಓದಬಹುದು, ಅಂಕೆ ತಿದ್ದಬಹುದು. ತಿದ್ದಿದ್ದು ಮಾತ್ರ ಎದ್ದುಹೋದವರ ಹೆಸರಿನಲ್ಲಿಯೇ ದಾಖಲಾಗುತ್ತದೆ. ಇದನ್ನು ತಡೆಯುವುದು ಸುಲಭ, ಖರ್ಚೂ ಇಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ಯಂತ್ರಗಳಲ್ಲಿ, ಮುಖ್ಯವಾಗಿ ಉಬುಂಟುವಿನಲ್ಲಿ, ಇದನ್ನು ಮಾಡುವ ಕ್ರಮವನ್ನು ತಿಳಿಸುತ್ತೇನೆ.

ಮೊದಲು ಸ್ಕ್ರೀನ್ ಸೇವರ್ ವಿಚಾರ. ಹಿಂದಿನ ಗಾಜಿನ ಕೊಳವೆಯ ತೆರೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಒಳಗಿನ ಹೊಳೆಯುವ ಲೇಪ ಸವೆದು ಕಲೆ ಉಳಿಯುತ್ತಿತ್ತು. ಅದಕ್ಕಾಗಿ ಓಡಾಡುವ ಚಿತ್ರಗಳನ್ನು ಹೂಡಿದರು. ಜೇಮೀ ಜವಿನ್‌ಸ್ಕಿ ಎಂಬವರು 1992ರಲ್ಲಿ ಹೊರತಂದ ‘ಎಕ್ಸ್‌ಸ್ಕ್ರೀನ್‌ಸೇವರ್’ ಯುನಿಕ್ಸ್ ಜಾತಿಯ ಯಂತ್ರಗಳಲ್ಲಿ ಹೆಸರಾಯಿತು. ಈಗಿನ ಎಲ್‌ಸಿಡಿ ತೆರೆಗಳಿಗೆ ಆ ಭಯ ಅಷ್ಟಿಲ್ಲ. ತೆರೆ ಕಪ್ಪಾದರೆ ಸಾಕು, ವಿದ್ಯುತ್ತೂ ಉಳಿಯುತ್ತದೆ. ಉಬುಂಟುವಿನಲ್ಲಿರುವ ಗ್ನೋಮ್, 2011ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಆ ಚಿತ್ರಗಳನ್ನೇ ಕೈಬಿಟ್ಟಿದೆ.

ತೆರೆ ಕಪ್ಪಾದ ಮಾತ್ರಕ್ಕೆ ಭದ್ರವಾಯಿತೆಂದು ತಿಳಿಯಬಾರದು. ಮೌಸನ್ನು ಅಲ್ಲಾಡಿಸಿದರೆ ಎಲ್ಲವೂ ಮತ್ತೆ ಕಾಣುತ್ತದೆ. ಬಾಗಿಲಿಗೆ ಪರದೆ ಬಿಡುವುದು ಬೇರೆ, ಅಗುಳಿ ಹಾಕುವುದು ಬೇರೆ. ಅಗುಳಿ ಹಾಕುವ ಕ್ರಮ ಹೀಗಿದೆ:

1. ‘ಸೆಟ್ಟಿಂಗ್ಸ್’ ತೆರೆದು, ‘ಪ್ರೈವಸಿ’ ಭಾಗದಲ್ಲಿ ‘ಸ್ಕ್ರೀನ್ ಲಾಕ್’ ಎಂಬುದಕ್ಕೆ ಹೋಗಿರಿ.

2. ‘ಬ್ಲಾಂಕ್ ಸ್ಕ್ರೀನ್ ಡಿಲೇ’ ಎಂಬಲ್ಲಿ 5 ನಿಮಿಷ ಇಡಿರಿ. ಹತ್ತಾರು ಜನ ಓಡಾಡುವ ಕಡೆ 2 ನಿಮಿಷ ಸಾಕು.

3. ‘ಆಟೋಮ್ಯಾಟಿಕ್ ಸ್ಕ್ರೀನ್ ಲಾಕ್’ ಗುಂಡಿಯನ್ನು ಹಚ್ಚಿರಿ. ಅದರ ಕೆಳಗಿನ ಕಾಲಾವಕಾಶವನ್ನು, ತೆರೆ ಕಪ್ಪಾದ ಕೂಡಲೇ ಬೀಗ ಬೀಳುವಂತೆ ಇಡಿರಿ.

4. ಬೀಗ ಬಿದ್ದಿರುವಾಗ ತೆರೆಯ ಮೇಲೆ ಸಂದೇಶಗಳು ಕಾಣದಂತೆ, ಅಲ್ಲಿಯೇ ಇರುವ ‘ನೋಟಿಫಿಕೇಷನ್ಸ್’ ಗುಂಡಿಯನ್ನು ಆರಿಸಿರಿ.

ಇದಿಷ್ಟೂ ಮರೆತು ಎದ್ದಾಗಿನ ರಕ್ಷಣೆ. ಏಳುವಾಗಲೇ ಬೀಗ ಹಾಕುವುದು ಉತ್ತಮ ಅಭ್ಯಾಸ. ಉಬುಂಟುವಿನಲ್ಲಿ ಸೂಪರ್ ಕೀಲಿಯನ್ನು, ಎಂದರೆ ಕಿಟಕಿಯ ಗುರುತಿರುವ ಕೀಲಿಯನ್ನು, ಹಿಡಿದು ‘ಎಲ್’ ಒತ್ತಿರಿ. ಲಿನಕ್ಸ್ ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್, ಎಲ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಎಕ್ಸ್‌ಸ್ಕ್ರೀನ್‌ಸೇವರ್ ಇರುವ ಯಂತ್ರದಲ್ಲಿ ‘ಲಾಕ್ ಸ್ಕ್ರೀನ್ ಆಫ್ಟರ್’ ಎಂಬುದಕ್ಕೆ ಗುರುತು ಹಾಕಿರಿ. ಚಿತ್ರಗಳ ಬದಲು ‘ಬ್ಲಾಂಕ್ ಸ್ಕ್ರೀನ್ ಓನ್ಲಿ’ ಆರಿಸಿಕೊಳ್ಳಿರಿ.

ಬೀಗ ಹಾಕಿದರೆ ಮಾಡಿದ ಕೆಲಸ ಹಾಳಾಗುವುದೇ ಎಂಬ ಸಂಶಯ ಬೇಡ. ಪಾಸ್‌ವರ್ಡ್ ಕೊಟ್ಟೊಡನೆ ಬಿಟ್ಟ ಜಾಗದಲ್ಲಿಯೇ ಸಿಗುತ್ತದೆ. ಆದರೆ ಕರೆಂಟು ಹೋದರೆ ಬೀಗ ಕಾಯಲಾರದು. ಆದಕಾರಣ ಏಳುವ ಮುನ್ನ ಬರೆದುದನ್ನು ಉಳಿಸಿಕೊಳ್ಳಿರಿ. ಇನ್ನೊಂದು ತೊಡಕುಂಟು. ಕೀಲಿಮಣೆ ಕನ್ನಡದಲ್ಲಿಯೇ ಉಳಿದಿದ್ದರೆ ಸರಿಯಾದ ಪಾಸ್‌ವರ್ಡನ್ನೂ ಯಂತ್ರ ಒಪ್ಪುವುದಿಲ್ಲ. ಆಗ ಗಾಬರಿಯಾಗದೆ, ತೆರೆಯ ಮೇಲ್ಮೂಲೆಯಲ್ಲಿ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ ಮತ್ತೆ ಒತ್ತಿರಿ.

ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸುವುದು, ಬೀಗದ ಕೈಯನ್ನು ಬೀಗದಲ್ಲಿಯೇ ಬಿಟ್ಟಂತೆ. ಇಬ್ಬರು ಕೆಲಸ ಮಾಡುವಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ ಇರಲಿ. ಆಗ ಯಾರು ಏನು ಮಾಡಿದರೆಂಬ ವಿವಾದ ಏಳುವುದಿಲ್ಲ.

ನಮ್ಮ ಮನೆಗೆ ಕಂಪ್ಯೂಟರ್ ಇಲ್ಲ, ಇದು ನಮಗೇಕೆ ಎಂದು ಕೆಲವರು ಕೇಳಬಹುದು. ಯಂತ್ರ ಯಾರದಾದರೂ ಅದರೊಳಗಿನ ಲೆಕ್ಕ ನಿಮ್ಮದು. ಸಂಘಕ್ಕೆ ಹೋದಾಗ ಕುರ್ಚಿ ಖಾಲಿಯಿದ್ದು ತೆರೆಯ ಮೇಲೆ ಯಾರದಾದರೂ ಲೆಕ್ಕ ಕಾಣುತ್ತಿದ್ದರೆ, ಸಂಕೋಚವಿಲ್ಲದೆ ಹೇಳಿರಿ: “ಸ್ವಾಮಿ, ಬೀಗ ಹಾಕಿ ಹೋಗಿ.” ಮನೆಯಲ್ಲಿ ಯಂತ್ರವಿದ್ದವರು ಇಂದು ಸಂಜೆಯೇ ಬೀಗ ಹಾಕಿ, ಮೌಸನ್ನು ಅಲ್ಲಾಡಿಸಿ ನೋಡಿರಿ. ಪಾಸ್‌ವರ್ಡ್ ಕೇಳಿದರೆ ಅಗುಳಿ ಬಿದ್ದಿದೆಯೆಂದು ತಿಳಿಯಿರಿ.