ಆ ಮಾತಿನಲ್ಲಿ ನೀವೆಲ್ಲಿ?

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯ ಗಾದೆ ವಿಸ್ತರಣೆ ನೆನಪಿದೆಯೇ? 'ಗಾದೆಗಳು ವೇದಗಳಿಗೆ ಸಮಾನ' ಎಂದು ಶುರುಮಾಡಿದರೆ ಅರ್ಧ ಉತ್ತರ ಮುಗಿದಂತೆ. ಯಾರು ಬರೆದರೂ ಅದೇ ಮಾತು.

ಈಗ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಮಕ್ಕಳೂ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. ಅಲ್ಲಿನ ಅನೇಕ ಕಾಲೇಜುಗಳು ಒಪ್ಪುವ 'ಕಾಮನ್ ಆ್ಯಪ್' ಅರ್ಜಿಯಲ್ಲಿ ಪ್ರಬಂಧಕ್ಕೆ 650 ಪದಗಳ ಮಿತಿ. ಜೊತೆಗೆ ಕೆಲವು ಕಾಲೇಜುಗಳು ಪ್ರಸಿದ್ಧರ ಮಾತೊಂದನ್ನು ಕೊಟ್ಟು, ನಿಮಗೇನನ್ನಿಸುತ್ತದೆ ಎಂದು ಕೇಳುತ್ತವೆ. ಗಾದೆ ವಿಸ್ತರಣೆಯಂತೆಯೇ ಇಲ್ಲೂ ಮಕ್ಕಳು ಆ ಮಾತು ಹೇಳಿದವರನ್ನು ಹೊಗಳುತ್ತಾರೆ, ಅರ್ಥ ವಿವರಿಸುತ್ತಾರೆ. ತಾವು ಮಾತ್ರ ಅಲ್ಲಿರುವುದಿಲ್ಲ.

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಮಾತನ್ನೇ ಕೊಟ್ಟರೆಂದುಕೊಳ್ಳಿ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ನಡೆಸುವವರ ಮಗಳಿಗೆ ಅದರ ಅರ್ಥ ಅಪ್ಪನ ಉಗುರಿನ ಸಂದಿಯ ಗ್ರೀಸಿನಲ್ಲಿದೆ. ಕೈ ಕೆಸರಾದರೂ ಕೆಲವು ತಿಂಗಳು ಮೊಸರು ಬರಲಿಲ್ಲ ಎಂದೂ ಅವಳು ಬರೆಯಬಹುದು. ಒಪ್ಪಲೇಬೇಕೆಂದೇನೂ ಇಲ್ಲ. ಕಾಲೇಜು ಕೇಳಿದ್ದು ಅವಳ ಮಾತನ್ನು.

ಅರ್ಜಿ ಹಾಕದ ನಮಗೂ ಇದು ಸಲ್ಲುತ್ತದೆ. ಬೆಳಗಾದರೆ ಫೋನಿನಲ್ಲಿ ಸುಭಾಷಿತಗಳ ಸಾಲು. ಮುಂದಕ್ಕೆ ಕಳಿಸುವ ಮುನ್ನ ಒಂದನ್ನಾದರೂ ನಿಮ್ಮ ಬದುಕಿನ ಎದುರು ಇಟ್ಟು ನೋಡಿ. ಒಪ್ಪಿದರೆ ಏಕೆ, ಒಪ್ಪದಿದ್ದರೆ ಏಕೆ ಎಂದು ಮನೆಯವರೊಡನೆ ಮಾತಾಡಿ.